ಅಂಡಾಶಯದ ವಯಸ್ಸು

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಮಿಂದು ಸುಬ್ರಹ್ಮಣ್ಯನಿಗೆ ಹರಕೆ ಹೊರುವವರಲ್ಲಿ ಮಕ್ಕಳಾಗದ ದಂಪತಿಗಳೂ ಇರುತ್ತಾರೆ. ನಾಗದೋಷ ಕಳೆದರೆ ಮಡಿಲು ತುಂಬುತ್ತದೆಂಬ ನಂಬಿಕೆ ಈ ಸೀಮೆಯಲ್ಲಿ ಹಳೆಯದು. ಹರಕೆಗೆ ನನ್ನ ತಕರಾರಿಲ್ಲ. ಹರಕೆ ಫಲಿಸಲಿ ಎಂದು ಆಸ್ಪತ್ರೆಯನ್ನು ವರ್ಷಗಟ್ಟಲೆ ಮುಂದೂಡುವುದಕ್ಕೆ ಇದೆ.

ಹೆಣ್ಣುಮಗು ಹುಟ್ಟುವಾಗಲೇ ಅಂಡಗಳ ದಾಸ್ತಾನು ಹೊತ್ತು ಬಂದಿರುತ್ತದೆ. ಆಮೇಲೆ ಆಗುವುದೆಲ್ಲ ಖರ್ಚು. ಈ ಖರ್ಚಿನ ವೇಗ ಎಲ್ಲ ದೇಶದವರಲ್ಲೂ ಒಂದೇ ಅಲ್ಲ. ಮಕ್ಕಳಾಗಲಿಲ್ಲವೆಂದು ಚಿಕಿತ್ಸೆಗೆ ಬಂದಿದ್ದ ಸ್ಪೇನಿನ 229 ಮತ್ತು ಭಾರತದ 236 ಹೆಂಗಸರನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ನಮ್ಮವರ ಅಂಡಾಶಯ ಸುಮಾರು ಆರು ವರ್ಷ ಮೊದಲೇ ಮುಪ್ಪಾಗಿತ್ತು. ಅದಕ್ಕೂ ಮುಂಚೆ, 2009ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ಇನ್ನೊಂದನ್ನು ಗಮನಿಸಿದ್ದರು: ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಭ್ರೂಣದ ಗುಣಮಟ್ಟ ಒಂದೇ ತೆರನಾಗಿದ್ದರೂ ಮಗು ಕೈಗೆ ಬಂದದ್ದು ಬಿಳಿಯರಲ್ಲಿ ಶೇ. 41, ಅಲ್ಲಿನ ಭಾರತೀಯರಲ್ಲಿ ಶೇ. 24.

ಹಾಗಾದರೆ ಇದು ರಕ್ತದ ದೋಷವೇ? ಆ ತೀರ್ಮಾನಕ್ಕೆ ನಾನು ಒಪ್ಪಲಾರೆ. ಬ್ರಿಟನ್ನಿನ ಲೆಕ್ಕ ನೋಡಿ. 2014ರಿಂದ 2018ರವರೆಗೆ 30–34ರ ವಯಸ್ಸಿನ ಬಿಳಿಯರಲ್ಲಿ ಇದೇ ಚಿಕಿತ್ಸೆಯ ಯಶಸ್ಸು ಶೇ. 30, ಕರಿಯರಲ್ಲಿ ಶೇ. 23. ಆದರೆ ಕರಿಯ ಮಹಿಳೆಯರಲ್ಲಿ ಅಂಡನಾಳದ ತೊಂದರೆ ಹೆಚ್ಚು, ಅವರು ಚಿಕಿತ್ಸೆಗೆ ಬರುವುದೂ ತಡ. ಜನಾಂಗ ಎಂಬ ಹೆಸರಿನ ಹಿಂದೆ ಕಾಯಿಲೆ, ಬಡತನ, ವಿಳಂಬ ಎಲ್ಲವೂ ಅಡಗಿರುತ್ತವೆ. ‘ಭಾರತೀಯ’ ಎಂಬ ಒಂದೇ ಪದದಲ್ಲಿ ಪಂಜಾಬಿನವಳನ್ನೂ ಅರಕಲಗೂಡಿನವಳನ್ನೂ ಸೇರಿಸಿದರೆ ಇಬ್ಬರ ದೇಹವೂ ಅರ್ಥವಾಗುವುದಿಲ್ಲ.

ನಮ್ಮಲ್ಲಿ ಹುಡುಕಬೇಕಾದ ಕಾರಣಗಳು ಬೇರೆ ಇವೆ. ಮೊದಲನೆಯದು ಕ್ಷಯ. ಅದು ಶ್ವಾಸಕೋಶದ ರೋಗ ಮಾತ್ರವಲ್ಲ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಅಂಡನಾಳದಲ್ಲಿ ಕೂತು ದಾರಿ ಮುಚ್ಚಿಬಿಡುತ್ತದೆ. ಎಷ್ಟೋ ಹೆಂಗಸರಿಗೆ ಅದು ಗೊತ್ತಾಗುವುದೇ ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಹೋದಾಗ. ಅಂಡದ ಬಿಡುಗಡೆಯನ್ನೇ ಏರುಪೇರು ಮಾಡುವ ಪಿಸಿಓಡಿ ಇನ್ನೊಂದು. ರಾಮನಾಥಪುರ ಹೊಗೆಸೊಪ್ಪಿನ ಹರಾಜಿನ ಊರೂ ಹೌದು, ಆದ್ದರಿಂದ ಇದನ್ನೂ ಹೇಳಲೇಬೇಕು: ಬೀಡಿ, ಸಿಗರೇಟು ಗಂಡಸಿನ ವೀರ್ಯಾಣುವನ್ನೂ ಹೆಂಗಸಿನ ಅಂಡವನ್ನೂ ಕೆಡಿಸುತ್ತವೆ.

ಗಂಡಸಿನ ಮಾತು ಬಂತು. ‘ಬಂಜೆ’ ಎಂಬ ಕ್ರೂರ ಪದ ಕನ್ನಡದಲ್ಲಿ ಹೆಣ್ಣಿಗೆ ಮಾತ್ರ ಅಂಟಿದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ. ಆದರೂ ಪೂಜೆ, ಪಥ್ಯ, ಸೂಜಿ, ಸ್ಕ್ಯಾನಿಂಗ್ ಎಲ್ಲವೂ ಸೊಸೆಗೆ. ಇದು ಅನ್ಯಾಯ, ಇದರಲ್ಲಿ ಕಳೆದ ವರ್ಷಗಳು ಅವಳ ಅಂಡಾಶಯಕ್ಕೆ ಮರಳಿ ಬರುವುದಿಲ್ಲ.

ಒಂದು ವರ್ಷ ಕೂಡಿ ಬಾಳಿಯೂ ಬಸಿರು ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಜೊತೆಯಾಗಿ ಆಸ್ಪತ್ರೆಗೆ ಹೋಗಿ. ವೀರ್ಯ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ಖರ್ಚೂ ಕಡಿಮೆ. ಅದನ್ನು ಮೊದಲು ಮಾಡಿಸಿ.