ಕ್ಷಮೆ ಸಿಗದ ಪಾಪದ ಭಯ ಬೆಳೆದ ಬಗೆ

2006ರ ಕೊನೆಯಲ್ಲಿ ಅಮೆರಿಕದ ಕೆಲ ನಾಸ್ತಿಕರು ಒಂದು ಸವಾಲು ಹಾಕಿದರು. ಕ್ಯಾಮೆರಾ ಮುಂದೆ ಪವಿತ್ರಾತ್ಮನನ್ನು ನಿರಾಕರಿಸಿ ಮಾತಾಡಬೇಕು, ಆ ವಿಡಿಯೊವನ್ನು ಯೂಟ್ಯೂಬಿಗೆ ಹಾಕಬೇಕು. ಹಾಕಿದ ಮೊದಲಿಗರಿಗೆ ಒಂದು ಡಿವಿಡಿ ಉಚಿತ. ಬಹಳ ಮಂದಿ ಹಾಕಿದರು, ಅವರಲ್ಲಿ ಹದಿಹರೆಯದವರೂ ಇದ್ದರು. ಬೈಬಲ್ಲಿನ ಪ್ರಕಾರ ಈ ಒಂದು ಪಾಪಕ್ಕೆ ಎಂದಿಗೂ ಕ್ಷಮೆಯಿಲ್ಲ ಎಂಬುದೇ ಆ ಸವಾಲಿನ ಮೊನೆ. ಅಂದು ಹಾಗೆ ಮಾತಾಡಿದ ಹುಡುಗನೊಬ್ಬ ಇಂದು ಮನಸ್ಸು ತಿರುಗಿ ಚರ್ಚಿನ ಮೆಟ್ಟಿಲು ಹತ್ತಿದರೆ, ಅವನಿಗೆ ಒಳಗೆ ಜಾಗವಿದೆಯೆ?

ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಶ್ನೆಯನ್ನು ಕುತೂಹಲಕ್ಕೆ ಕೇಳುವವರು ಕಡಿಮೆ, ನಿದ್ದೆಗೆಟ್ಟು ಕೇಳುವವರು ಹೆಚ್ಚು. ಇಷ್ಟು ಸ್ಪಷ್ಟವಾದ ಉತ್ತರವಿದ್ದೂ ಭಯ ಏಕೆ ಉಳಿಯಿತು ಎಂಬುದಕ್ಕೆ ಮಾತ್ರ ಉದ್ದನೆಯ ಇತಿಹಾಸವಿದೆ.

ಮೂಲ ಮಾತು ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದ್ದು. ಯೇಸು ದೆವ್ವ ಹಿಡಿದವರನ್ನು ಗುಣಪಡಿಸುತ್ತಿದ್ದಾನೆ. ಅದನ್ನು ಕಂಡೂ ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳು, ಇವನು ದೆವ್ವಗಳ ಒಡೆಯನ ಬಲದಿಂದಲೇ ದೆವ್ವ ಬಿಡಿಸುತ್ತಾನೆ ಎನ್ನುತ್ತಾರೆ. ಅವರಿಗೆ ಕೊಟ್ಟ ಉತ್ತರದಲ್ಲಿ ಪವಿತ್ರಾತ್ಮನ ದೂಷಣೆಗೆ ಕ್ಷಮೆಯಿಲ್ಲವೆಂಬ ಮಾತು ಬರುತ್ತದೆ. ತನಗೆ ಅಶುದ್ಧಾತ್ಮ ಹಿಡಿದಿದೆ ಎಂದು ಅವರು ಅಂದದ್ದಕ್ಕೇ ಯೇಸು ಹೀಗೆ ಹೇಳಿದ ಎಂದು ಮಾರ್ಕನೇ ಕಾರಣ ಬರೆದಿಟ್ಟಿದ್ದಾನೆ. ಅದರ ಹಿಂದಿನ ಮಾತಿನಲ್ಲಿ ಮನುಷ್ಯರ ಉಳಿದೆಲ್ಲ ದೂಷಣೆಗಳಿಗೂ ಕ್ಷಮೆಯುಂಟೆಂಬ ಭರವಸೆಯಿದೆ. ಹೆದರಿದವರ ಕಣ್ಣಿಗೆ ಆ ಭರವಸೆ ಬೀಳುವುದೇ ಇಲ್ಲ. ಪೇತ್ರ ಮೂರು ಸಲ ಯೇಸುವನ್ನು ಅರಿಯೆನೆಂದ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಪೌಲ ತಾನು ಹಿಂದೆ ದೂಷಕನಾಗಿದ್ದೆನೆಂದೇ ಒಪ್ಪಿಕೊಳ್ಳುತ್ತಾನೆ. ಇಬ್ಬರೂ ಸಭೆಯ ಆಧಾರಸ್ತಂಭಗಳಾದರು.

250ರಲ್ಲಿ ಈ ಪ್ರಶ್ನೆ ಬೀದಿಗೆ ಬಂತು. ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ರೋಮಿನ ಚಕ್ರವರ್ತಿ ಡೆಸಿಯಸ್ ಆಜ್ಞೆ ಹೊರಡಿಸಿದ. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಜೀವಭಯದಿಂದ ಬಲಿ ಕೊಟ್ಟ ಕ್ರೈಸ್ತರು ಕಿರುಕುಳ ತಗ್ಗಿದ ಮೇಲೆ ಅಳುತ್ತ ಮರಳಿದರು. ಸೇರಿಸಿಕೊಳ್ಳಕೂಡದು ಎಂದ ರೋಮಿನ ಪಾದ್ರಿ ನೊವೇಷಿಯನ್ ತನ್ನದೇ ಬಣ ಕಟ್ಟಿದ. ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳೋಣ ಎಂದವರು ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ರೋಮಿನ ಕೊರ್ನೇಲಿಯಸ್. ಅವರ ಮಾತೇ ನಿಂತಿತು. 325ರ ನೈಸಿಯ ಮಹಾಸಭೆಯೂ ಅದನ್ನೇ ಎತ್ತಿಹಿಡಿಯಿತು.

ಆಮೇಲೆ ಬಂದ ಬಿಷಪ್ ಅಗಸ್ಟೀನ್ ಬೋಧನೆಯೊಂದರಲ್ಲಿ ಈ ವಾಕ್ಯವನ್ನು ಬಿಡಿಸಿ ನೋಡಿದ. ಪವಿತ್ರಾತ್ಮನ ವಿರುದ್ಧ ಏನೇನೋ ಆಡಿದ ಅನ್ಯಮತೀಯರನ್ನು ಸಭೆ ದಿನವೂ ಒಳಗೆ ಕರೆದುಕೊಳ್ಳುತ್ತಿರುವಾಗ, ಕ್ಷಮೆಯಿಲ್ಲದ್ದು ಬಾಯಿಂದ ಜಾರಿದ ಮಾತಾಗಿರಲಾರದು ಎಂದ. ಸಾಯುವ ತನಕ ಕ್ಷಮೆಯನ್ನೇ ಬೇಡವೆನ್ನುವ ಕಲ್ಲೆದೆಯೇ ಆ ಪಾಪ ಎಂಬುದು ಅವನ ತೀರ್ಮಾನ. ಅಂದರೆ ಬದುಕಿರುವ ಯಾರನ್ನೂ ಇವನು ಅದನ್ನು ಮಾಡಿ ಮುಗಿಸಿದವನು ಎಂದು ತೋರಿಸುವಂತಿಲ್ಲ.

ಹನ್ನೊಂದು ಶತಮಾನ ಕಳೆದ ಮೇಲೆ ಪ್ರೊಟೆಸ್ಟೆಂಟ್ ಸುಧಾರಕ ಕಾಲ್ವಿನ್ ಇದನ್ನು ಒಪ್ಪಲಿಲ್ಲ. ಸತ್ಯವೆಂದು ಮನಗಂಡೂ ಬೇಕೆಂದೇ ಅದಕ್ಕೆ ಎದುರು ನಿಲ್ಲುವುದು ಆ ಪಾಪ ಎಂದ. ದುಷ್ಟತನಕ್ಕೆ ಬೇಲಿ ಹಾಕುವುದು ಅವನ ಉದ್ದೇಶ. ಆದರೆ ಈ ವಿವರಣೆಯಿಂದ ಪಾಪ ಬದುಕಿನ ಒಂದು ದಿನದೊಳಕ್ಕೆ ಬಂದುಬಿಟ್ಟಿತು, ಆ ದಿನ ನನ್ನದೇ ಇರಬಹುದೆ ಎಂಬ ಸಂಶಯ ಹೊಕ್ಕಿತು. 1548ರಲ್ಲಿ ಇಟಲಿಯ ಫ್ರಾಂಚೆಸ್ಕೊ ಸ್ಪಿಯೆರ ಎಂಬ ವಕೀಲ ವಿಚಾರಣೆಗೆ ಹೆದರಿ ತನ್ನ ಪ್ರೊಟೆಸ್ಟೆಂಟ್ ನಂಬಿಕೆಯನ್ನು ಬಹಿರಂಗವಾಗಿ ತಳ್ಳಿಹಾಕಿದ. ಮರುಕ್ಷಣದಿಂದ ತನಗಿನ್ನು ನರಕವೇ ಎಂದು ಕೊರಗಿ ಅದೇ ವರ್ಷ ಸತ್ತ. ಅವನ ಕಥೆ ದೇಶದೇಶಗಳಲ್ಲಿ ಅಚ್ಚಾಯಿತು.

ಆ ಪುಸ್ತಕ ಹೋಗಿ ತಲುಪಿದವರಲ್ಲಿ ಜಾನ್ ಬನ್ಯನ್ ಒಬ್ಬ. ಇಂಗ್ಲೆಂಡಿನ ಎಲ್‌ಸ್ಟೋದಲ್ಲಿ 1628ರಲ್ಲಿ ಹುಟ್ಟಿ, ಪಾತ್ರೆ ಬೆಸೆಯುವ ಅಪ್ಪನ ಕಸುಬನ್ನೇ ಹಿಡಿದವನು. ಹುಡುಗಾಟದ ವಯಸ್ಸಿನಲ್ಲಿ ಅವನ ಬಾಯಿ ಎಷ್ಟು ಹೊಲಸೆಂದರೆ, ಊರಲ್ಲಿ ಹೆಸರು ಕೆಡಿಸಿಕೊಂಡಿದ್ದ ಹೆಂಗಸೊಬ್ಬಳೇ ಅವನ ಬೈಗುಳ ಕೇಳಲಾರದೆ ಗದರಿದ್ದಳು. ವಿಚಿತ್ರವೆಂದರೆ, ಆಗ ಅವನಿಗೆ ಈ ಭಯವಿರಲಿಲ್ಲ. ಬೈಗುಳ ಬಿಟ್ಟು, ಬೈಬಲ್ ಹಿಡಿದು, ದೇವರನ್ನು ಹಂಬಲಿಸತೊಡಗಿದ ಮೇಲೆ ಬಂತು. ದೂಷಣೆಯ ಮಾತು ಎಲ್ಲಿ ಹೊರಬಿದ್ದೀತೋ ಎಂದು ಗದ್ದದ ಕೆಳಗೆ ಕೈಯೊತ್ತಿ ಬಾಯಿ ಬಿಗಿಹಿಡಿಯುತ್ತಿದ್ದ. ಕ್ರಿಸ್ತನನ್ನು ಮಾರಿಬಿಡು ಎಂಬ ಪಿಸುಮಾತು ಹಗಲಿರುಳು ಕಾಡಿತು. ಒಂದು ದಿನ ದಣಿದ ಮನಸ್ಸು, ಹೋಗುವುದಾದರೆ ಹೋಗಲಿ ಎಂದುಬಿಟ್ಟಿತು. ಅಷ್ಟಕ್ಕೇ ಸುಮಾರು ಎರಡು ವರ್ಷ ಅವನು ಬೆಂದ. ಸ್ಪಿಯೆರನ ಕಥೆ ಕೈಗೆ ಸಿಕ್ಕದ್ದು ಇಂಥ ಸ್ಥಿತಿಯಲ್ಲಿ. ತಡೆಯಲಾರದೆ ಹಿರಿಯ ಕ್ರೈಸ್ತನೊಬ್ಬನ ಮುಂದೆ ಮನಸ್ಸು ಬಿಚ್ಚಿ, ಪವಿತ್ರಾತ್ಮನ ವಿರುದ್ಧದ ಪಾಪ ಮಾಡಿದ್ದೇನೇನೋ ಎಂದ. ನನಗೂ ಹಾಗೇ ಅನಿಸುತ್ತದೆ ಎಂದ ಆ ಮುದುಕ!

ಈ ಘಟ್ಟ ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಪಾಪನಿವೇದನೆಯ ಪೀಠದಲ್ಲಿ ಗುರುವಿನ ಬಾಯಿಂದ ಕ್ಷಮೆಯ ಮಾತು ಕೇಳುವ ದಾರಿ ಬನ್ಯನ್‌ನಂಥ ಪ್ಯೂರಿಟನ್ ಪ್ರೊಟೆಸ್ಟೆಂಟರಿಗೆ ಇರಲಿಲ್ಲ. ಪಕ್ಕದ ಮನುಷ್ಯನ ಮಾತೇ ಅವರಿಗೆ ಆಸರೆ, ಅದೂ ಹೀಗಾಯಿತು. ಬನ್ಯನ್ ಮಾತ್ರ ಪಾರಾದ. 1666ರ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದ. 1678ರ ಪ್ರಸಿದ್ಧ ಯಾತ್ರಾಕಥೆಯಲ್ಲಿ ಕಬ್ಬಿಣದ ಪಂಜರದೊಳಗೆ ಕೂತು ತನಗೆ ಬಿಡುಗಡೆಯಿಲ್ಲವೆನ್ನುವ ಮನುಷ್ಯನೊಬ್ಬನನ್ನು ತಂದ. ಬಾಸೆಲ್ ಮಿಷನ್ನಿನವರು 19ನೇ ಶತಮಾನದಲ್ಲಿ ಕನ್ನಡಕ್ಕೆ ತಂದ ‘ಯಾತ್ರಿಕನ ಸಂಚಾರ’ದ ಮೂಲ ಇದೇ ಕಥೆ. ಸಾಯುವ ವರ್ಷ, 1688ರಲ್ಲಿ, ಅತಿ ದೊಡ್ಡ ಪಾಪಿಗಳಿಗೇ ಕೃಪೆಯ ಕರೆ ಮೊದಲು ಎಂದು ವಾದಿಸುವ ಪುಸ್ತಕ ಪ್ರಕಟಿಸಿದ.

ಸುಮಾರು ಒಂದು ಶತಮಾನದ ನಂತರ ಇಂಗ್ಲೆಂಡಿನದೇ ಓಲ್ನಿ ಎಂಬ ಸಣ್ಣ ಊರಿನಲ್ಲಿ ಇಬ್ಬರು ಗೆಳೆಯರಿದ್ದರು. ಪಾದ್ರಿ ಜಾನ್ ನ್ಯೂಟನ್ ಹಿಂದೆ ಗುಲಾಮರ ಹಡಗಿನಲ್ಲಿದ್ದವನು, ನಾವಿಕರೇ ಕಿವಿ ಮುಚ್ಚಿಕೊಳ್ಳುವಷ್ಟು ದೇವದೂಷಣೆ ಮಾಡಿದವನು. ಕವಿ ವಿಲಿಯಂ ಕೂಪರ್ ಮೃದು ಸ್ವಭಾವದ ಭಕ್ತ. 1773ರ ಹೊಸವರ್ಷದ ದಿನ ನ್ಯೂಟನ್ ತನ್ನಂಥವನನ್ನೂ ಉಳಿಸಿದ ಕೃಪೆಯ ಹಾಡನ್ನು ಸಭೆಯ ಮುಂದಿಟ್ಟ. ಅದೇ ತಿಂಗಳು ಕೂಪರನ ಮನಸ್ಸು ಕುಸಿಯಿತು. ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟನೆಂಬ ನಂಬಿಕೆ ಅವನನ್ನು ಮುಂದೆಂದೂ ಪೂರ್ತಿ ಬಿಡಲಿಲ್ಲ. ಇಂಥದ್ದರಲ್ಲಿ ಕಾಯಿಲೆಯ ಪಾಲಿರುತ್ತದೆಂದು ಇಂದಿನ ಮನೋವೈದ್ಯರು ಬಲ್ಲರು. ಬೇಡವೆಂದರೂ ನುಗ್ಗುವ ದೂಷಣೆಯ ಯೋಚನೆಗಳು ಗೀಳು ಕಾಯಿಲೆಯ ಪರಿಚಿತ ಲಕ್ಷಣ, ಅದಕ್ಕೆ ಚಿಕಿತ್ಸೆಯಿದೆ. ಹೀಗೆ ನರಳುವವರಿಗೆ ಪಾದ್ರಿಯ ಜೊತೆಗೆ ವೈದ್ಯರೂ ಬೇಕು.

ನ್ಯೂಟನ್ ಬರೀ ವಾದಿಸಲು ಹೋಗಲಿಲ್ಲ. ಗೆಳೆಯನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡ. 1800ರಲ್ಲಿ ಕೂಪರ್ ತೀರಿಕೊಂಡಾಗ ಅವನ ನೆನಪಿನ ಬೋಧನೆ ಮಾಡಿದವನೂ ಆ ಹಳೆಯ ದೂಷಕನೇ. ದೇವರು ಕೂಪರನನ್ನು ಎಂದೂ ಕೈಬಿಟ್ಟಿರಲಿಲ್ಲ ಎಂಬುದರಲ್ಲಿ ನ್ಯೂಟನ್ನನಿಗೆ ಲವಲೇಶವೂ ಸಂಶಯವಿರಲಿಲ್ಲ.