ಊರಿನ ಯೋಗಕ್ಷೇಮಕ್ಕೆ ಅಳತೆಗೋಲು

ಚಾಮರಾಜನಗರ ತಾಲೂಕಿನ ಉಮ್ಮತ್ತೂರಿನ ಹೆಸರನ್ನು ಇತಿಹಾಸ ಬಲ್ಲ ವಾಚಕರು ಮರೆತಿರಲಾರರು. ಕೃಷ್ಣದೇವರಾಯನು ಪಟ್ಟವೇರಿದ ಹೊಸತರಲ್ಲಿಯೇ ದಂಡೆತ್ತಿ ಬಂದು ಇಲ್ಲಿಯ ಗಂಗರಾಜನನ್ನು ಅಡಗಿಸಬೇಕಾಯಿತೆಂದರೆ, ಆ ಪಾಳೆಯಪಟ್ಟಿನ ಬಲ ಸಾಮಾನ್ಯವಾದುದಾಗಿರಲಿಲ್ಲ. ಅಂದಿನಿಂದ ಈ ಊರನ್ನು ಎಣಿಸಿದ ಪ್ರಭುಗಳೆಲ್ಲರೂ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಕೇಳಿದರು: ಇದು ಎಷ್ಟು ಕೊಡಬಲ್ಲದು? ಶಾನುಭೋಗರ ಕಡತದಲ್ಲಿ ತರಿ, ಖುಷ್ಕಿ, ಬಾಗಾಯ್ತುಗಳಿಗೆ ಬೇರೆಬೇರೆ ಲೆಕ್ಕವಿತ್ತು. ಊರಿನವರು ಎರಡು ಹೊತ್ತು ಉಂಡರೇ, ಹುಟ್ಟಿದ ಕೂಸುಗಳು ಉಳಿದವೇ ಎಂಬುದಕ್ಕೆ ಅಂಕಣವಿರಲಿಲ್ಲ.

ಜನತೆಯ ಸ್ಥಿತಿಗತಿಯನ್ನೇ ಅಳೆಯಬೇಕೆಂಬ ಪ್ರಯತ್ನ ನಮ್ಮ ನಾಡಿನಲ್ಲಿ ನಡೆದೇ ಇಲ್ಲವೆಂದು ನಾವು ಹೇಳುವುದಿಲ್ಲ. ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿ ಈ ದಿಶೆಯಲ್ಲಿ ಮಹತ್ತ್ವದ ಕಾರ್ಯ. ಬೇಸಾಯ, ಕೈಗಾರಿಕೆ, ರಸ್ತೆ, ಶಾಲೆ, ವೈದ್ಯರು, ಬ್ಯಾಂಕುಗಳು ಮುಂತಾದ 35 ಸೂಚಕಗಳನ್ನು ಹಿಡಿದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಆಗಿದ್ದ 175 ತಾಲೂಕುಗಳನ್ನು ಅದು ತೂಗಿತು. 114 ತಾಲೂಕುಗಳು ಹಿಂದುಳಿದವೆಂದು ಕಂಡುಬಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಅದುವರೆಗೆ ಕೇವಲ ಗೊಣಗಾಟವಾಗಿದ್ದ ಅಹವಾಲಿಗೆ ಅಂಕಿಯ ಬಲ ಬಂದುದು ಆಗ. ಸರ್ಕಾರದವರು ಹಣವನ್ನೂ ಗೊತ್ತುಮಾಡಬೇಕಾಯಿತು. 2024ರಲ್ಲಿ ಪ್ರೊಫೆಸರ್ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ನೇಮಕವಾದುದು ಇದೇ ವಿಷಯವನ್ನು ಪುನಃ ಪರಿಶೀಲಿಸುವುದಕ್ಕಾಗಿ.

ಆದರೆ ತಾಲೂಕೆಂಬುದು ದೊಡ್ಡ ತಕ್ಕಡಿ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರವು ಜಿಲ್ಲೆಯಾದ ಮೇಲೆ ಪಟ್ಟಣಕ್ಕೆ ಬಂದ ಕಚೇರಿ, ಆಸ್ಪತ್ರೆ, ಕಾಲೇಜುಗಳು ಉಮ್ಮತ್ತೂರಿನ ತಾಲೂಕಿನ ಲೆಕ್ಕಕ್ಕೇ ಸೇರುತ್ತವೆ. ಪಟ್ಟಣದ ಹಾಸಿಗೆಗಳನ್ನು ಹಳ್ಳಿಯ ತಲೆಗಳಿಗೆ ಭಾಗಿಸಿದರೆ ಬರುವ ಭಾಗಲಬ್ಧದಿಂದ ಹಳ್ಳಿಯ ಬಾಣಂತಿಗೆ ಏನು ಪ್ರಯೋಜನ? ಈ ನ್ಯೂನತೆಯನ್ನು ನೀಗಿಸುವಂತೆ ಕೇಂದ್ರದ ಪಂಚಾಯತ್ ರಾಜ್ ಸಚಿವಶಾಖೆಯು 2025ರಲ್ಲಿ ಗ್ರಾಮ ಪಂಚಾಯಿತಿಗಳನ್ನೇ ಅಳೆದ ಸೂಚ್ಯಂಕವನ್ನು ಪ್ರಕಟಿಸಿತು. 2022–23ನೆಯ ಸಾಲಿನ ಅಂಕಿಗಳಿಂದ 435 ಸೂಚಕಗಳ ಮೂಲಕ 2,16,285 ಪಂಚಾಯಿತಿಗಳಿಗೆ ಐದು ದರ್ಜೆಗಳನ್ನು ಕಟ್ಟಿದರು. ಅತ್ಯುಚ್ಚ ದರ್ಜೆಗೆ ಒಂದು ಪಂಚಾಯಿತಿಯೂ ಏರಲಿಲ್ಲ. 1,32,392 ಪಂಚಾಯಿತಿಗಳು ಮೇಲಿನಿಂದ ನಾಲ್ಕನೆಯ ದರ್ಜೆಯಲ್ಲಿ ನಿಂತವು. ಈ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ. ಆದರೂ 435 ಪ್ರಶ್ನೆಗಳಿಗೆ ಉತ್ತರ ತುಂಬಬೇಕಾದ ಕಾರ್ಯದರ್ಶಿಯ ಅವಸ್ಥೆಯನ್ನು ನೆನೆದರೆ ಕನಿಕರವೇ ಹುಟ್ಟುತ್ತದೆ. ಸಂಜೆಯೊಳಗೆ ಪಟ್ಟಿ ಮುಗಿಯಬೇಕೆಂಬ ಹುಕುಂ ಬಂದಾಗ ಅಂಕಿಗಳು ಹೇಗೆ ಹುಟ್ಟುತ್ತವೆಂಬುದನ್ನು ನಮ್ಮ ವಾಚಕರಲ್ಲಿ ಸರ್ಕಾರೀ ನೌಕರಿಯಲ್ಲಿರುವವರಿಗೆ ನಾವು ವಿವರಿಸಬೇಕಾಗಿಲ್ಲ.

ಏನನ್ನು ಎಣಿಸುತ್ತೇವೆಂಬುದೂ ಮುಖ್ಯ. ಮನೆಯ ಮುಂದೆ ನಲ್ಲಿ ನಿಂತಿತೆಂದರೆ ಒಂದು ಅಂಕ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆ ತಲೆಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ; ಆ ನೀರು ಚೈತ್ರ ವೈಶಾಖಗಳಲ್ಲಿ ಬಂದಿತೇ, ಬರದ ದಿನ ಕೊಡ ಹೊತ್ತವರು ಯಾರು, ಅದಕ್ಕಾಗಿ ಶಾಲೆ ತಪ್ಪಿಸಿದ ಹುಡುಗಿಯರೆಷ್ಟು ಎಂಬುದನ್ನು ನಲ್ಲಿಯ ಲೆಕ್ಕ ಹೇಳಲಾರದು. ಕಬಿನಿಯ ನೀರನ್ನು ಆಲಂಬೂರಿನಿಂದ ಎತ್ತಿ ಕೆರೆ ತುಂಬಿಸಬೇಕಾದಷ್ಟು ಒಣಗಿರುವ ಈ ಸೀಮೆಯಲ್ಲಿ ಇದು ಕುತರ್ಕದ ಪ್ರಶ್ನೆಯಲ್ಲ.

ಇನ್ನೊಂದು ಸಂಗತಿಯನ್ನು ಬರೆಯುವಾಗ ನಮ್ಮ ಲೇಖನಿ ತಡವರಿಸುತ್ತದೆ. 2021ರ ಮೇ 2ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಅಸುನೀಗಿದರು. ಆ ಆಸ್ಪತ್ರೆಯ ಕಟ್ಟಡ, ಹಾಸಿಗೆ, ವೈದ್ಯರು ಎಲ್ಲವೂ ಲೆಕ್ಕದಲ್ಲಿದ್ದವು. ಆಮ್ಲಜನಕವು ಇನ್ನೆಷ್ಟು ತಾಸಿಗೆ ಸಾಕಾದೀತೆಂಬ ಲೆಕ್ಕವೇ ಸಮಯಕ್ಕೆ ಒದಗಲಿಲ್ಲ. ಅದರ ಕೊರತೆಯಿಂದ ಸತ್ತವರು ಮೂವರೇ ಎಂದು ಅಧಿಕಾರಸ್ಥರು ಮೊದಲು ನುಡಿದರು. ಉಚ್ಚ ನ್ಯಾಯಾಲಯವು ನೇಮಿಸಿದ ಸಮಿತಿ ಅದನ್ನು ಒಪ್ಪಲಿಲ್ಲ. ಎಣಿಕೆಯು ಎಣಿಸುವವರ ಕೈಯಲ್ಲಿಯೇ ಉಳಿದರೆ ಸತ್ತವರ ಸಂಖ್ಯೆಯೂ ವಾದಗ್ರಸ್ತವಾಗುತ್ತದೆ.

ಆದಕಾರಣ ನಮ್ಮ ಸೂಚನೆ ಇಷ್ಟೆ. ದೊಡ್ಡ ಪಟ್ಟಿಗಳು ದೊಡ್ಡ ಕಚೇರಿಗಳಿಗಿರಲಿ. ಪ್ರತಿಯೊಂದು ಗ್ರಾಮಸಭೆಯೂ ತನಗೆ ಬೇಕಾದ ಹತ್ತೆಂಟು ಲೆಕ್ಕಗಳನ್ನು ತಾನೇ ಆರಿಸಿಕೊಳ್ಳಲಿ: ಕೆರೆಯಲ್ಲಿ ನೀರು ನಿಂತ ತಿಂಗಳುಗಳು, ಕೂಲಿಗಾಗಿ ಊರು ಬಿಟ್ಟ ಸಂಸಾರಗಳು, ಹತ್ತನೆಯ ತರಗತಿಗೆ ಮುಂಚೆ ನಿಂತ ಹುಡುಗಿಯರು, ತೂಕ ಸಾಲದ ಕೂಸುಗಳು. ಮೇಲುಕೇರಿಗೊಂದು, ಹೊಲಗೇರಿಗೊಂದು ಎಂದು ಕೇರಿವಾರು ಬರೆಯಲಿ. ಒಟ್ಟು ಮೊತ್ತದಲ್ಲಿ ಯಾರ ಹಸಿವೂ ಮರೆಯಾಗದಿರಲಿ. ಬರೆದುದನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ, ಆಕ್ಷೇಪಣೆಗೆ ಹದಿನೈದು ದಿನ ಅವಕಾಶ ಕೊಡಲಿ.

ಇದಕ್ಕೆ ಹೊಸ ಕಾಯಿದೆ ಅನಾವಶ್ಯಕ. ಹಿಂದೆ ರೈತನಿಂದ ಕಂದಾಯ ಇತ್ಯರ್ಥಪಡಿಸುತ್ತಿದ್ದ ಜಮಾಬಂದಿ ಎಂಬ ಮಾತು ಈಗ ನಮ್ಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜನರ ಮುಂದೆ ಲೆಕ್ಕ ಒಪ್ಪಿಸುವ ದಿನದ ಹೆಸರಾಗಿದೆ. ಖರ್ಚಿನ ಬಾಬುಗಳನ್ನು ಓದಿ ಮುಗಿಸಿದ ಮೇಲೆ ಈ ಪಟ್ಟಿಯನ್ನೂ ಓದಬಹುದು. ಉಮ್ಮತ್ತೂರಿನವರು ಮೊದಲು ಓದಿ ನಮಗೊಂದು ಪ್ರತಿಯನ್ನು ಕಳುಹಿಸಿದರೆ, ಅದು ಅಧಿಕಾರಿಗಳಿಗೆ ಪ್ರಿಯವಾಗಲಿ ಬಿಡಲಿ, ಒಂದಕ್ಷರವನ್ನೂ ತಿದ್ದದೆ ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ.