ಗೆರೆಯ ಪಕ್ಕ ನಿಲ್ಲುವವರು

ತಾಲೂಕು ಮಟ್ಟದ ಕ್ರೀಡಾಕೂಟದಲ್ಲಿ ಪ್ರೌಢಶಾಲೆ ಹುಡುಗರ ನೂರು ಮೀಟರ್ ಓಟ ಹನ್ನೆರಡು, ಹದಿಮೂರು ಸೆಕೆಂಡಿಗೆ ಮುಗಿದುಹೋಗುತ್ತದೆ. ಅಷ್ಟು ಹೊತ್ತಿನ ಓಟಕ್ಕೆ ಹೆಸರು ಕರೆದು ಚೆಸ್ಟ್ ನಂಬರ್ ತಾಳೆ ನೋಡುವವರು ಬೇಕು, ಲೇನಿಗೆ ತಂದು ನಿಲ್ಲಿಸುವವರು ಬೇಕು. ಸ್ಟಾರ್ಟರ್ ಬೇಕು, ಸ್ಟಾಪ್‌ವಾಚ್ ಹಿಡಿದವರು ಬೇಕು, ಗುರಿಗೆರೆಯಲ್ಲಿ ಯಾರು ಮೊದಲು ಯಾರು ಎರಡನೆಯವರು ಎಂದು ಹಿಡಿದು ಹೇಳುವವರು ಬೇಕು, ಅದನ್ನು ಬರೆದುಕೊಳ್ಳುವವರೂ ಬೇಕು. ಗೆದ್ದವನ ಫೋಟೊ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಇವರ ಹೆಸರು ಆಮಂತ್ರಣ ಪತ್ರಿಕೆಯಲ್ಲೂ ಇರುವುದಿಲ್ಲ.

ಪುತ್ತೂರು, ಸುಳ್ಯ, ಕಡಬದ ಕಡೆ ಆಟಿ ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದರೆ ಕ್ರೀಡಾಕೂಟಗಳ ಸಾಲು ಶುರು. ಮೊದಲು ವಲಯ ಮಟ್ಟ, ಬಳಿಕ ತಾಲೂಕು, ಅಲ್ಲಿಂದ ಜಿಲ್ಲೆ. ಕೊಂಬೆಟ್ಟಿನ ತಾಲೂಕು ಕ್ರೀಡಾಂಗಣದಲ್ಲಿ ಒಂದು, ಸುಳ್ಯದಲ್ಲಿ ಇನ್ನೊಂದು, ರಾಮಕುಂಜದಲ್ಲೋ ಸುಬ್ರಹ್ಮಣ್ಯದಲ್ಲೋ ಮತ್ತೊಂದು. ಇವುಗಳಲ್ಲಿ ಅಧಿಕಾರಿಗಳಾಗಿ ನಿಲ್ಲುವವರು ಹೆಚ್ಚಾಗಿ ದೈಹಿಕ ಶಿಕ್ಷಣ ಶಿಕ್ಷಕರೇ, ಅಂದರೆ ನಮ್ಮ ಪಿ.ಟಿ. ಮಾಸ್ಟ್ರು, ಪಿ.ಟಿ. ಟೀಚರ್. ಶಾಲೆಯಿಂದ ಓ.ಓ.ಡಿ. (ಅನ್ಯ ಕಾರ್ಯ ನಿಮಿತ್ತ ಅನುಮತಿ) ಪಡೆದು ಬರುತ್ತಾರೆ. ತಮ್ಮ ಶಾಲೆಯ ಮಕ್ಕಳನ್ನು ಕರೆತರುವುದೂ ಅವರೇ, ಊಟ ಮಾಡಿಸಿ ಕತ್ತಲಾಗುವ ಮೊದಲು ಬಸ್ ಹತ್ತಿಸುವುದೂ ಅವರೇ. ನಡುವಿನ ಹೊತ್ತಿನಲ್ಲಿ ತಮ್ಮದೇ ಮಗು ಓಡುತ್ತಿದ್ದರೂ ಪಕ್ಷ ವಹಿಸದೆ ಗೆರೆಯ ಪಕ್ಕ ನಿಲ್ಲಬೇಕು.

ಕೆಲಸ ಹಿಂದಿನ ದಿನವೇ ಆರಂಭವಾಗುತ್ತದೆ. ಮೈದಾನದ ನಡುವೆ ಗೂಟ ಹೊಡೆದು, ಹಗ್ಗ ಹಿಡಿದು, ಸುಣ್ಣದ ಹುಡಿಯಲ್ಲಿ ಟ್ರ್ಯಾಕ್ ಬರೆಯಬೇಕು. ರಾತ್ರಿ ಮಳೆ ಸುರಿದರೆ ಬೆಳಗ್ಗೆ ಮತ್ತೆ ಬರೆಯಬೇಕು. ಒಂದು ಲೇನಿನ ಅಗಲ 1.22 ಮೀಟರ್. ನಾನೂರು ಮೀಟರಿನ ಪೂರ್ಣ ಟ್ರ್ಯಾಕಿಗೆ ಜಾಗ ಇಲ್ಲದ ಗುಡ್ಡದ ಊರು ನಮ್ಮದು, ಹಾಗಾಗಿ ಹಲವು ಶಾಲೆಗಳಲ್ಲಿ ಇನ್ನೂರು ಮೀಟರಿನ ಟ್ರ್ಯಾಕೇ ಗತಿ. ಪರಿಣತಿ ಬೇಕಾಗುವುದು ಅಲ್ಲೇ. ಸುಣ್ಣದ ಗೆರೆಯ ಟ್ರ್ಯಾಕಿನಲ್ಲಿ ಪೂರ್ತಿ ಒಂದು ಸುತ್ತು ಲೇನಿನೊಳಗೇ ಓಡುವುದಾದರೆ, ಮೈದಾನ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ಹೊರಗಿನ ಪ್ರತಿ ಲೇನಿನವರನ್ನೂ ಒಳಗಿನವರಿಗಿಂತ 7.67 ಮೀಟರ್ ಮುಂದೆ ನಿಲ್ಲಿಸಬೇಕು. ಇನ್ನೂರು ಮೀಟರ್ ಓಟವೆಂದು ದೊಡ್ಡ ಟ್ರ್ಯಾಕಿನ ಅರ್ಧ ಸುತ್ತಿನ ಲೆಕ್ಕವಾದ 3.83 ಮೀಟರನ್ನೇ ಇಲ್ಲಿಗೂ ತಂದರೆ, ಆರನೇ ಲೇನಿನ ಹುಡುಗಿ ಮೊದಲ ಲೇನಿನವಳಿಗಿಂತ ಸುಮಾರು 19 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಸೋತ ಹುಡುಗಿಗೆ ತಾನು ಏಕೆ ಸೋತೆನೆಂದು ಎಂದೂ ಗೊತ್ತಾಗುವುದಿಲ್ಲ.

ಸ್ಟಾರ್ಟರ್ ಕೈಯಲ್ಲಿ ಪಿಸ್ತೂಲು ಇರುವ ಕೂಟಗಳು ಕಡಿಮೆ. ಸಾಮಾನ್ಯವಾಗಿ ಇರುವುದು ಮರದ ಕ್ಲ್ಯಾಪರ್. ಅದನ್ನು ಎದೆಯ ಮಟ್ಟದಲ್ಲಿ ಬಡಿದರೆ ಪ್ರಯೋಜನವಿಲ್ಲ, ತಲೆಯ ಮೇಲೆ ಎತ್ತಿ ಬಡಿಯಬೇಕು. ಏಕೆಂದರೆ ನೂರು ಮೀಟರ್ ಆಚೆ ನಿಂತ ಟೈಮ್ ಕೀಪರ್ ಕಿವಿಯನ್ನು ನಂಬುವ ಹಾಗಿಲ್ಲ. ಶಬ್ದ ಅಲ್ಲಿಗೆ ತಲುಪಲು ಸುಮಾರು 0.3 ಸೆಕೆಂಡು ಬೇಕು. ಅಷ್ಟರಲ್ಲಿ ಪೂರ್ಣ ವೇಗದಲ್ಲಿರುವ ಹುಡುಗ ಎರಡೂವರೆ ಮೀಟರ್ ಓಡಿಬಿಡುತ್ತಾನೆ. ಪಿಸ್ತೂಲಾದರೆ ಹೊಗೆ, ಕ್ಲ್ಯಾಪರಾದರೆ ಹಲಗೆಗಳೆರಡು ಕೂಡುವುದು ಕಂಡ ಕ್ಷಣವೇ ಗುಂಡಿ ಒತ್ತಬೇಕು. ಮೊದಲ ಸ್ಥಾನಕ್ಕೆ ಮೂರು ವಾಚುಗಳಿದ್ದು ಮೂರೂ ಬೇರೆ ಬೇರೆ ತೋರಿಸಿದರೆ ನಡುವಿನದ್ದು ಅಧಿಕೃತ. ಎರಡೇ ಇದ್ದರೆ ಹೆಚ್ಚಿನದ್ದು. ವಾಚು 12.31 ಎಂದರೆ ಬರೆಯುವುದು 12.4. ಉದ್ದಜಿಗಿತದಲ್ಲಿ ಟೇಪು 4 ಮೀಟರ್ 87.9 ಸೆಂಟಿಮೀಟರ್ ತೋರಿಸಿದರೆ ಬರೆಯುವುದು 4.87. ಸಂಶಯ ಬಂದಲ್ಲೆಲ್ಲ ಕ್ರೀಡಾಪಟುವಿಗೆ ಒಂದು ಕೂದಲೆಳೆ ಕಡಿಮೆ ಕೊಡುವುದೇ ನಿಯಮ. ಹಾಗೆ ಕೊಟ್ಟ ಅಂಕಿಯ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ.

ಕೈವಾಚಿನ ಲೆಕ್ಕ ಎಷ್ಟು ದೂರ ಹೋಗುತ್ತದೆಂದರೆ, 1960ರ ರೋಮ್ ಒಲಿಂಪಿಕ್ಸಿನ 400 ಮೀಟರ್ ಓಟದಲ್ಲಿ ಮಿಲ್ಖಾ ಸಿಂಗ್ ಅವರಿಗೆ ಅಧಿಕೃತವಾಗಿ ಸಿಕ್ಕಿದ್ದು 45.6 ಸೆಕೆಂಡು. ವಿದ್ಯುನ್ಮಾನ ಲೆಕ್ಕದಲ್ಲಿ ಅದು 45.73. 1998ರಲ್ಲಿ ಪರಮ್‌ಜೀತ್ ಸಿಂಗ್ 45.70ರಲ್ಲಿ ಓಡಿದಾಗ, ಹಳೆಯ ದಾಖಲೆ ಮುರಿಯಿತೇ ಇಲ್ಲವೇ ಎಂಬ ವಾದ ಎದ್ದದ್ದು ಇದೇ ಅಂತರದಿಂದ.

ಗುರಿಗೆರೆಯ ತೀರ್ಪು ಇನ್ನೂ ಕಷ್ಟ. ತಲೆ, ಕೈ, ಕಾಲು ಲೆಕ್ಕಕ್ಕಿಲ್ಲ. ಗೆರೆಯನ್ನು ಮೊದಲು ತಲುಪಬೇಕಾದ್ದು ಮುಂಡ. ತೀರ್ಪುಗಾರರು ‘ಮೊದಲನೆಯವನು ನನಗೆ, ಎರಡನೆಯವನು ನಿಮಗೆ’ ಎಂದು ಮೊದಲೇ ಹಂಚಿಕೊಂಡು, ಗೆರೆಗೆ ನೇರವಾಗಿ, ಕೆಲವು ಮೀಟರ್ ದೂರದಲ್ಲಿ, ಸಾಧ್ಯವಾದರೆ ಬೆಂಚು ಹತ್ತಿ ನಿಲ್ಲುತ್ತಾರೆ. ಈಚೆಗೆ ಪ್ರತಿ ಕೂಟದಲ್ಲೂ ಮೊಬೈಲ್ ವಿಡಿಯೊ ಹಿಡಿದುಕೊಂಡು ಬರುವ ಹೆತ್ತವರಿದ್ದಾರೆ. ಅವರ ಆತಂಕ ಸಹಜವೇ. ಫಲಿತಾಂಶ ಪ್ರಕಟವಾದ 30 ನಿಮಿಷದೊಳಗೆ ಆಕ್ಷೇಪ ಸಲ್ಲಿಸಲು ಅವಕಾಶವಿದೆ, ರೆಫರಿ ವಿಡಿಯೊ ನೋಡಲೂಬಹುದು. ಆದರೆ ಗೆರೆಗೆ ಓರೆಯಾಗಿ ನಿಂತು ತೆಗೆದ ವಿಡಿಯೊದಲ್ಲಿ ಹಿಂದಿದ್ದವನೇ ಮುಂದಿದ್ದಂತೆ ಕಾಣುತ್ತಾನೆ. ಕೂಗಾಡುವ ಮೊದಲು ವಿಡಿಯೊ ಎಲ್ಲಿಂದ ತೆಗೆದದ್ದು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಉದ್ದಜಿಗಿತದ ಪಿಟ್ಟಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. 20 ಸೆಂಟಿಮೀಟರ್ ಅಗಲದ ಬಿಳಿ ಹಲಗೆಯ ಪಕ್ಕ ಒಬ್ಬರು ಕುಳಿತಿರುತ್ತಾರೆ. ಹುಡುಗಿ ಓಡಿ ಬಂದು ಗಾಳಿಯಲ್ಲಿ ತೇಲಿದಾಗ ಸುತ್ತಲಿನವರೆಲ್ಲ ಮರಳಿನ ಕಡೆ ತಿರುಗುತ್ತಾರೆ, ಅವರೊಬ್ಬರು ತಿರುಗುವುದಿಲ್ಲ. ಅವರ ಕಣ್ಣು ಹಲಗೆ ಬಿಟ್ಟು ಕದಲುವ ಹಾಗಿಲ್ಲ. ಬಿಳಿ ಬಾವುಟ ಎತ್ತಿದರೆ ಸರಿ, ಕೆಂಪು ಎತ್ತಿದರೆ ಫೌಲ್. ಅಳೆಯುವುದು ಹಲಗೆಗೆ ಅತಿ ಸಮೀಪದ ಗುರುತಿನಿಂದ. ಹಿಂದಕ್ಕೆ ಊರಿದ ಕೈಯ ಗುರುತಾದರೂ ಸರಿ, ಟೇಪಿನ ಸೊನ್ನೆಯ ತುದಿ ಅಲ್ಲಿಗೇ. ಜಿಗಿದ ಮೇಲೆ ಪಿಟ್ಟಿನಿಂದ ಹೊರಬರುವಾಗ ಆ ಗುರುತಿಗಿಂತ ಹಿಂದಕ್ಕೆ ಕಾಲಿಟ್ಟರೂ ಫೌಲೇ. ಅಭ್ಯಾಸವಿಲ್ಲದ ಮಕ್ಕಳು ಒಳ್ಳೆಯ ಜಿಗಿತ ಕಳೆದುಕೊಳ್ಳುವುದು ಹೀಗೆ. ಸ್ಪರ್ಧೆ ಆರಂಭಿಸುವ ಮೊದಲು ಮಕ್ಕಳನ್ನು ಸುತ್ತ ನಿಲ್ಲಿಸಿ, ‘ಮಗಾ, ಮುಂದಿನಿಂದಲೇ ಹೊರಗೆ ಬಾ’ ಎಂದು ತೋರಿಸಿಕೊಡುವ ಅಧಿಕಾರಿಯೇ ನನ್ನ ಮಟ್ಟಿಗೆ ಉತ್ತಮ ಅಧಿಕಾರಿ. ನಿಯಮ ಹಿಡಿದು ಬೀಳಿಸುವುದು ಸುಲಭ, ಬೀಳದಂತೆ ಮೊದಲೇ ಹೇಳುವುದಕ್ಕೆ ಮಕ್ಕಳ ಮೇಲೆ ಪ್ರೀತಿ ಬೇಕು.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ನಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ಇದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜತೆ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದರು. ಉಸೇನ್ ಬೋಲ್ಟ್ ಅವರ 9.58ಕ್ಕಿಂತ ಕಡಿಮೆ ಎಂದು ದೇಶವಿಡೀ ಸುದ್ದಿಯಾಯಿತು. ಗೌಡರ ಸಾಮರ್ಥ್ಯ ದೊಡ್ಡದೇ. ಆದರೆ ಕೋಣದ ಎಳೆತ, ಕೆಸರು, ಕರೆಯ ಓಟದ ರೀತಿ ಇವೆಲ್ಲ ಬೇರೆ. ಅಥ್ಲೆಟಿಕ್ಸಿನ ನೂರು ಮೀಟರ್ ಓಟದಲ್ಲಿ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೂ ದಾಖಲೆಯಾಗುವುದಿಲ್ಲ. ಓಟ ಎಷ್ಟೇ ಅದ್ಭುತವಿರಲಿ, ದೂರ ಅಳೆದವರು, ಸಮಯ ಹಿಡಿದವರು, ಗಾಳಿ ನೋಡಿದವರು ಸಹಿ ಹಾಕಿದರೆ ಮಾತ್ರ ಇನ್ನೊಂದು ಊರಿನ ಓಟದ ಜತೆ ಅದನ್ನು ಹೋಲಿಸಬಹುದು. ಸುಳ್ಯದ ಹಳ್ಳಿಶಾಲೆಯ ಹುಡುಗಿ ರಾಜ್ಯದ ತಂಡಕ್ಕೆ ಹೋಗಲು ತಕ್ಕವಳೆಂದು ಬೆಂಗಳೂರಿನಲ್ಲಿ ಕುಳಿತವರು ನಂಬಬೇಕಾದ್ದು ಆ ಸಹಿಯನ್ನೇ.

ದೊಡ್ಡ ಕೂಟಗಳಿಗೆ ಪರೀಕ್ಷೆ ಬರೆದು ಅರ್ಹತೆ ಪಡೆದ ತಾಂತ್ರಿಕ ಅಧಿಕಾರಿಗಳಿದ್ದಾರೆ. 2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆಯಿತು. ಅಂಥ ಮಟ್ಟಕ್ಕೆ ಏರುವ ಮಕ್ಕಳ ಮೊದಲ ಓಟ ವಲಯ ಮಟ್ಟದ್ದೇ ಆಗಿರುತ್ತದೆ, ಅಲ್ಲೇ ನಮಗೆ ಜನ ಸಾಲದು. ದೈಹಿಕ ಶಿಕ್ಷಣ ಶಿಕ್ಷಕರೇ ಇಲ್ಲದ ಶಾಲೆಗಳಿವೆ. ಇದ್ದವರು ಒಂದೇ ದಿನ ಗುಂಡೆಸೆತ ಮುಗಿಸಿ ಎತ್ತರ ಜಿಗಿತಕ್ಕೆ, ಅಲ್ಲಿಂದ ರಿಲೇಗೆ ಓಡುತ್ತಾರೆ. ಈ ಹೊರೆಯನ್ನು ಅವರ ತಲೆಗೇ ಬಿಟ್ಟು ನಾವು ನೆರಳಲ್ಲಿ ಕುಳಿತು ಚಪ್ಪಾಳೆ ತಟ್ಟುವುದು ನ್ಯಾಯವಲ್ಲ.

ಕಾಲೇಜಿನಲ್ಲಿದ್ದಾಗ ಅಂತರ ಕಾಲೇಜು ಕೂಟಗಳಲ್ಲಿ ಓಡಿದ, ಎಸೆದ, ಜಿಗಿದ ಎಷ್ಟೋ ಮಂದಿ ಈಗ ಈ ಮೂರು ತಾಲೂಕುಗಳಲ್ಲಿ ತೋಟ, ಅಂಗಡಿ, ಬ್ಯಾಂಕು ನೋಡಿಕೊಂಡಿದ್ದಾರೆ. ವರ್ಷಕ್ಕೆ ಎರಡು ದಿನ ಅವರಿಗೆ ಭಾರವಲ್ಲ. ಹೆತ್ತವರೂ ಬರಬಹುದು. ಮೊದಲ ಸಲ ಮರಳು ಸಮ ಮಾಡುವುದು, ಟೇಪಿನ ತುದಿ ಹಿಡಿಯುವುದು, ಹೆಸರು ಬರೆಯುವುದು ಸಾಕು. ಮುಂದಿನ ವರ್ಷ ವಾಚು ಕೈಗೆ ಬರುತ್ತದೆ. ನಿಮ್ಮೂರಿನ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರನ್ನೋ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ದೈಹಿಕ ಶಿಕ್ಷಣ ಪರಿವೀಕ್ಷಕರನ್ನೋ ಕೂಟದ ದಿನಾಂಕ ಗೊತ್ತಾಗುವ ಮೊದಲೇ ಕಂಡು, ‘ನನಗೂ ಒಂದು ಕೆಲಸ ಕೊಡಿ’ ಎಂದು ಕೇಳಿ.